ಪೀಬೆರಿ

ಜನವರಿ 9, ಮಧ್ಯಾಹ್ನ

ಎಸ್ಟೇಟ್ ಸ್ಟೋರಿನಲ್ಲಿ ಇವತ್ತೂ ಕಾಫಿ ಬೀಜ ಆರಿಸುವ ಕೆಲಸ. ಹಣ್ಣಿನೊಳಗೆ ಎರಡು ಬೀಜ ಇರಬೇಕು. ಒಂದು ಸೊರಗಿ ಇನ್ನೊಂದೇ ಗುಂಡಗೆ ಬೆಳೆದರೆ ಪೀಬೆರಿ, ಅದನ್ನು ಬೇರೆ ಹಾಕಬೇಕು. ಐದನೇ ತಿಂಗಳಿಗೇ ಎಂಟರ ಹೊಟ್ಟೆ. ಸೊಂಟ ಬಿದ್ದುಹೋಯಿತು.

ಜನವರಿ 12

ಹಾಸನದಲ್ಲಿ ಸ್ಕ್ಯಾನ್. ಹೊಟ್ಟೆಯಲ್ಲಿರುವ ಅವಳಿ ಮಕ್ಕಳೆರಡಕ್ಕೂ ಮಾಸು ಒಂದೇ. ಅದರಲ್ಲಿ ಎರಡರ ರಕ್ತನಾಳಗಳೂ ಒಳಗೊಳಗೇ ಸೇರಿಕೊಂಡಿವೆ. ಚಿಕ್ಕದರ ರಕ್ತ ದೊಡ್ಡದಕ್ಕೆ ಹರಿದುಹೋಗುತ್ತಿದೆಯಂತೆ. ದೊಡ್ಡದರ ಸುತ್ತ ನೀರು ವಿಪರೀತ, ಚಿಕ್ಕದಕ್ಕೆ ಇಲ್ಲವೇ ಇಲ್ಲ. ಹೀಗೇ ಬಿಟ್ಟರೆ ಎರಡೂ ಉಳಿಯುವುದು ಕಷ್ಟ. ಬೆಂಗಳೂರಿಗೆ ಹೋಗಿ ಲೇಸರ್‌ನಿಂದ ಆ ನಾಳ ಮುಚ್ಚಿಸಬೇಕು.

ಅತ್ತೆ ಲೋಟ ಹಿಡಿದು ಮಗನನ್ನು ಕೇಳಿದರು, "ನೀರು ಜಾಸ್ತಿ ಅಂದ್ರೋ, ಕಮ್ಮಿ ಅಂದ್ರೋ? ಕುಡ್ಸೋದೋ ಬ್ಯಾಡ್ವೋ?"

"ಎರಡೂ ಐತೆ ಕಣವ್ವ," ಅಂದರು ಇವರು.

ಅತ್ತೆ ಅರ್ಧ ಲೋಟ ಕೊಟ್ಟರು. ನಗಲೂ ಶಕ್ತಿಯಿಲ್ಲ.

ಜನವರಿ 13, ಬಸ್ಸಿನಲ್ಲಿ

ದೊಡ್ಡದರ ಮೇಲೆ ಕೆಟ್ಟ ಸಿಟ್ಟು. ಬಲಗಡೆ ಕೈಯಿಟ್ಟು ಬೈದೆ — ಹೊಟ್ಟೆಬಾಕ, ಪೀಬೆರಿ, ಜೊತೆಗಿರೋದಕ್ಕೂ ಒಂಚೂರು ಬಿಡು. "ಹೂಂ, ಸರಿಯಾಗಿ ಬಯ್ಯಿ," ಅಂದರು ಅತ್ತೆ.

ಜನವರಿ 15

ಲೇಸರ್ ಆಯಿತು. ಎರಡೂ ಗುಂಡಿಗೆ ಬಡಿಯುತ್ತಿವೆ... ನಿದ್ದೆ.

ಜನವರಿ 17

ಒಂದೇ. ಚಿಕ್ಕದು ಉಳಿಯಿತು. ಹೋದದ್ದು ದೊಡ್ಡದು.

"ಅದು ಕಿತ್ಕೊಳ್ತಿರ್ಲಿಲ್ಲಮ್ಮ," ಅಂದರು ಡಾಕ್ಟರ್ ಮೇಡಂ. "ಬಂದಿದ್ದನ್ನ ಬೇಡ ಅನ್ನೋಕೆ ಅದಕ್ಕೆ ಆಗ್ತಿರ್ಲಿಲ್ಲ. ಅಷ್ಟೂ ರಕ್ತ ತಳ್ಳಿ ತಳ್ಳಿ ಹಾರ್ಟ್ ಸೋತುಹೋಯ್ತು."

ನಾಳ ಮುಚ್ಚಿದ್ದರಿಂದ, ದೊಡ್ಡದು ಹೋದರೂ ಚಿಕ್ಕದಕ್ಕೆ ಏಟು ಬೀಳಲಿಲ್ಲವಂತೆ.

ಬೈದಿದ್ದೆನಲ್ಲ.

ಫೆಬ್ರವರಿ 20, ಹಾನುಬಾಳು, ಮನೆಯಲ್ಲಿ

ಎಡಗಡೆ ಒದೆತ ಜೋರು. "ಒಂದಾದ್ರೂ ಉಳೀತಲ್ಲ, ಸಾಕು ಬಿಡವ್ವ," ಅನ್ನುತ್ತಾರೆ ಬಂದವರೆಲ್ಲ. ಬಲಗಡೆಯದು ಹೆರಿಗೆಯವರೆಗೂ ಒಳಗೇ ಇರುತ್ತದೆ. ಅದು ಅವರಿಗೆ ಗೊತ್ತಿಲ್ಲ.

ನಾನು ಅದಕ್ಕೆ ಇಟ್ಟ ಹೆಸರು ಪೀಬೆರಿ ಒಂದೇ. ಬೈಗುಳ ಹೊತ್ತುಕೊಂಡು ಹೋಗಬಾರದು ಅದು. ಗಂಡೋ ಹೆಣ್ಣೋ ಗೊತ್ತಿಲ್ಲ, ಎರಡಕ್ಕೂ ಒಪ್ಪುವಂಥದ್ದು ಬೇಕು. ಬೆಳಗಿನಿಂದ ಯೋಚಿಸಿ ಸಾಕಾಗಿತ್ತು. ಈಗ ಒಂದು ಹೊಳೆದಿದೆ. ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆದಿಡುತ್ತೇನೆ. ಕೂಸೇ, ನಿನ್ನ ಹೆಸರು —