ಹೊಳೆಯ ಆಚೆ ಹೋದ ಕಲ್ಲುಗಳು

ಶುಕ್ರವಾರ, ಬೆಳಗ್ಗೆ

ಘನ ನ್ಯಾಯಪೀಠದ ಸನ್ನಿಧಾನಕ್ಕೆ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿರುವ ಮಹಾಜನಗಳಿಗೆ, ಇವರೆಲ್ಲರ ನೆಪದಲ್ಲಿ ನನ್ನ ಹೆಂಡತಿಗೆ, ಕಾಲೇಜು ಮೇಷ್ಟರಾದ ಗಂಡನ ಸವಿನಯ ದೂರು.

ಪ್ರೀತಿಯ ವಕೀಲಮ್ಮಾ,

ನೀನು ಬೆಟ್ಟ ಹತ್ತಿ ಮೂರು ತಿಂಗಳಾಯಿತು. ಇಲ್ಲಿ ಹಾಲು ಕಾಯುತ್ತದೆ, ತಳ ಸೀಯುತ್ತದೆ, ದಿನ ಹೇಗೋ ಸಾಗುತ್ತದೆ. ಅಪ್ಪ ಅಮ್ಮ ಏನು ಮಾಡುತ್ತಾರೆಂದು ಶಾಲೆಯಲ್ಲಿ ಮಗಳನ್ನು ಕೇಳಿದರಂತೆ. ಅಮ್ಮ ಬೆಟ್ಟದವರ ಪರವಾಗಿ ಸರ್ಕಾರದ ಮೇಲೆ ಕೇಸು ಹಾಕ್ತಾಳೆ, ಅಪ್ಪ ಮನೇಲಿರ್ತಾರೆ, ಮಧ್ಯೆ ಕಾಲೇಜಿಗೆ ಹೋಗಿ ಬರ್ತಾರೆ ಅಂದಳಂತೆ. ಸಾಕ್ಷಿ ನಂಬಲರ್ಹ, ನಾನು ಪಾಟೀಸವಾಲು ಮಾಡಲಿಲ್ಲ.

ಬಾಡಿಗೆ ತಗಾದೆಯ ಕೇಸು ನೋಡಿಕೊಂಡಿದ್ದಾಗ ನೀನು ಸಂಜೆ ಆರಕ್ಕೆ ಮನೆಯಲ್ಲಿರುತ್ತಿದ್ದೆ. ಆಮೇಲೆ ಬೆಟ್ಟದವರ ಒಂದು ಅರ್ಜಿ ಹಿಡಿದೆ. ಕಾಡಿನ ಹಕ್ಕು ಆಯಿತು, ನೀರಿನ ಹಕ್ಕು ಆಯಿತು, ಈಗ ಗಣಿ ಕಂಪನಿಯ ಎದುರು ನೆಲದ ಹಕ್ಕು. ಗಂಡನ ಹಕ್ಕನ್ನು ಯಾವ ಕಲಮಿನಡಿ ಕೇಳಬೇಕೋ ಯಾರೂ ಹೇಳಲಿಲ್ಲ. ಪೇಪರಿನಲ್ಲಿ ನಿನ್ನ ಫೋಟೊ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿದರು. ನಾನೂ ಗೆದ್ದವನ ಹಾಗೆ ನಕ್ಕೆ.

ಅದಿರಲಿ. ನೀನು ಕಳಿಸಿದ ಟೇಪಿನ ವಿಷಯಕ್ಕೆ ಬರುತ್ತೇನೆ. ಬೆಟ್ಟದವರ ಹಾಡಜ್ಜಿ ತಮ್ಮ ನೆಲದ ಎಲ್ಲೆಯ ಗುಂಟ ನಡೆಯುತ್ತಾ ಹಾಡಿದ್ದನ್ನು ಕೋರ್ಟಿಗೆ ತಿಳಿಯುವ ಮಾತಿನಲ್ಲಿ ಬರೆದುಕೊಡು ಅಂದಿದ್ದೆ. ಆ ಜನಕ್ಕೆ ದಾಖಲೆಯೆಂದರೆ ಆ ಹಾಡೇ. ಕಾಲು ಯಾವ ಕ್ರಮದಲ್ಲಿ ಹೋಗುತ್ತದೋ ಬಾಯಿಯೂ ಅದೇ ಕ್ರಮದಲ್ಲಿ ಹೋಗಬೇಕು. ಒಂದು ಕಡೆ ಅಜ್ಜಿ ತಪ್ಪಿ, ತಡಿಯಮ್ಮ, ಮೊದಲಿಂದ ಹೇಳ್ತೀನಿ ಅನ್ನುತ್ತಾಳೆ. ನೀನು, ಹೇಳಿ ಅಜ್ಜಿ, ನನಗೇನೂ ಅವಸರ ಇಲ್ಲ ಅನ್ನುತ್ತೀ.

ನನಗೇನೂ ಅವಸರ ಇಲ್ಲ! ನಾನು ಹತ್ತು ನಿಮಿಷ ಮಾತಾಡಿದರೆ ಗಡಿಯಾರ ನೋಡುವವಳ ಬಾಯಲ್ಲಿ ಇಂಥದೊಂದು ವಾಕ್ಯ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದೊಂದನ್ನೇ ಟೇಪು ಹಿಂದೆ ತಿರುಗಿಸಿ ಎಷ್ಟು ಸಲ ಕೇಳಿದೆನೋ. ಎಂಬತ್ತು ದಾಟಿದ ಮುದುಕಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಸು ಈ ಭೂಮಿಯಲ್ಲಿ ನಾನೊಬ್ಬನೇ ಇರಬೇಕು.

ಈಗ ಮುಖ್ಯ ವಿಷಯ. ಹಾಡಿನಲ್ಲಿ ಮೊದಲು ಬಿದಿರ ಮೆಳೆ, ಆಮೇಲೆ ಹಿರಿಯರನ್ನು ಹೂತಲ್ಲಿ ನೆಟ್ಟ ಕಲ್ಲುಗಳು, ಕೊನೆಗೆ ಹೊಳೆ. ಹೊಳೆಯೇ ಗಡಿ. ನಾನು ಆಗಲೇ ಕಳಿಸಿದ ಬರಹದಲ್ಲಿ ಮೆಳೆಯ ಬೆನ್ನಿಗೇ ಹೊಳೆ ಬಂದಿದೆ, ಕಲ್ಲುಗಳು ಆಮೇಲೆ. ಮೆಳೆಗೆ ಹೊಳೆ ಪ್ರಾಸ. ನನ್ನ ಚಟ ನಿನಗೆ ಗೊತ್ತಲ್ಲ. ನಿನ್ನೆ ಕಣ್ಣಿಗೆ ಬಿತ್ತು. ಹಾಗೇ ಬಿಟ್ಟರೆ ಕಲ್ಲುಗಳು ಹೊಳೆಯ ಆಚೆ, ಅಂದರೆ ಗಣಿಯವರ ಪಾಲು. ನೀನು ನನ್ನ ಬರಹವನ್ನು ಯಾವತ್ತೂ ಪರೀಕ್ಷಿಸಿ ನೋಡಿದವಳಲ್ಲ, ಈಗಾಗಲೇ ಕಡತಕ್ಕೆ ಸೇರಿಸಿರುತ್ತೀ. ಸೋಮವಾರದ ವಿಚಾರಣೆಗೆ ಮುಂಚೆ ಬದಲಾಯಿಸು. ಸರಿಯಾದ ಪ್ರತಿಯನ್ನು ಈ ಕಾಗದದ ಜೊತೆ, ನಿನ್ನ ಫೈಲು ತರುವ ಜೀಪಿನವನ ಕೈಲೇ ಕಳಿಸಿದ್ದೇನೆ. ಇದರಲ್ಲಿ ಪ್ರಾಸವಿಲ್ಲ, ಓದಲು ಬಲು ಸಪ್ಪೆ.

ಮಗಳು ನಿನಗೆ ಮುತ್ತು ಕಳಿಸಿದ್ದಾಳೆ. ನಾನೂ ಕಳಿಸುತ್ತಿದ್ದೆ, ಜೀಪಿನವನ ಕೈಲಿ ಬೇಡವೆಂದು ಸುಮ್ಮನಾದೆ.

ಇಂತಿ ನಿನ್ನ,
ಮಧ್ಯೆ ಕಾಲೇಜಿಗೆ ಹೋಗಿ ಬರುವವನು

ಪುನಶ್ಚ: ನಿನ್ನೆ ಕಣ್ಣಿಗೆ ಬಿತ್ತೆಂದದ್ದು ಸುಳ್ಳು. ಬರೆಯುವಾಗಲೇ ಗೊತ್ತಿತ್ತು, ಗೊತ್ತಿದ್ದೇ ಕಳಿಸಿದೆ. ಹಾಡು ಮುಗಿದ ಕೂಡಲೇ ನಿಲ್ಲಿಸುತ್ತಿದ್ದ ಟೇಪನ್ನು ಇವತ್ತು ಬೆಳಗ್ಗೆ ಮೊದಲ ಸಲ ಕೊನೆಯವರೆಗೆ ಕೇಳಿದೆ. ಹಾಡು ಮುಗಿಸಿ ಅಜ್ಜಿ ನಿನಗೆ, ನನ್ನ ಮಗನೂ ಅಲ್ಲೇ ಕಲ್ಲಿನ ಕೆಳಗೆ ಇದಾನಮ್ಮ ಅನ್ನುತ್ತಾಳೆ. ಕಲ್ಲುಗಳನ್ನು ಹೊಳೆಯ ಆಚೆ ಹಾಕಿದ್ದು ಪ್ರಾಸಕ್ಕಾಗಿ ಅಲ್ಲ ಕಣೇ. ಈ ಕೇಸು ಸೋತರೆ ನೀನು ಮನೆಗೆ ಬರುತ್ತೀಯ ಅಂದುಕೊಂಡೆ.