ನಾಲಿಗೆಯ ಕೆಳಗಿನ ಹೆಸರು

ಗೈದರ್ಸ್‌ಬರ್ಗ್
೯ ಡಿಸೆಂಬರ್ ೧೯೯೬, ಸೋಮವಾರ

ಮಗಳು ನೀತಾಳಿಗೆ ನಿನ್ನ ಅವ್ವನ ಆಶೀರ್ವಾದ. ಲಾರೆನ್ಸ್‌ವಿಲ್‌ನಲ್ಲಿ ನೀನು, ಯಶವಂತ, ನಿಧಿ ಮೂವರೂ ಸುಖವಾಗಿದ್ದೀರಿ ಎಂದು ನಂಬಿದ್ದೇನೆ.

ವಾರಕ್ಕೆರಡು ಸಲ ಫೋನಿನಲ್ಲಿ ತಲೆ ತಿನ್ನುವವಳು ಈಗೇನು ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡ. ನಾನು ಕೆಳಗೆ ಫೋನು ಎತ್ತಿದರೆ ನಿಮ್ಮಪ್ಪ ಮೇಲಿನ ಕೋಣೆಯಲ್ಲಿ ಇನ್ನೊಂದನ್ನು ಎತ್ತಿ ಕೇಳುತ್ತಿದ್ದರು. ಸೆಪ್ಟೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಅರ್ಧ ಮೈ, ಅರ್ಧ ಮಾತು ಹೋದರೂ ಫೋನಿಗೆ ಹೋಗುವ ಕೈ ಮಾತ್ರ ಗಟ್ಟಿಯಾಗಿತ್ತು. ಅದಕ್ಕೇ ಕಾಗದ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದಿದ್ದ ನಿಧಿ ತನ್ನ ಶಾಲೆಯ ಈಜಿಪ್ಟ್ ಪ್ರಾಜೆಕ್ಟಿನ ರಟ್ಟನ್ನು ಇಲ್ಲೇ ಮರೆತು ಹೋಗಿದ್ದಾಳೆ. ಫ್ರಿಜ್ಜಿಗೆ ಒರಗಿಸಿಟ್ಟಿದ್ದೇನೆ. ಹಾಲು ತೆಗೆಯಲು ಹೋದಾಗಲೆಲ್ಲ ಗಿಡುಗನ ಮುಖದ ಸೂರ್ಯದೇವರು ನನ್ನನ್ನೇ ನೋಡುತ್ತಾನೆ. ಅವನ ಕಥೆಯನ್ನು ಹುಡುಗಿ ನನಗೆ ಎರಡು ಸಲ ಹೇಳಿದ್ದಳು. ಮೊದಲು ಏನೂ ಇರಲಿಲ್ಲವಂತೆ, ಬರೀ ಕಪ್ಪು ನೀರು. ನಮ್ಮವರು ಬಯಲು ಅನ್ನುವುದಿಲ್ಲವೇ, ಹಾಗೆ. ಆ ನೀರಿನಿಂದ ಒಂದು ಮಣ್ಣಿನ ದಿಬ್ಬ ಎದ್ದಿತಂತೆ. ದೇವರು ತನ್ನಷ್ಟಕ್ಕೆ ತಾನೇ ಹುಟ್ಟಿ ಅದರ ಮೇಲೆ ನಿಂತು ಒಂದೊಂದರ ಹೆಸರು ಹೇಳಿದನಂತೆ. ಹೇಳಿದ್ದೆಲ್ಲ ಹುಟ್ಟಿತು. ತನ್ನ ನಿಜವಾದ ಹೆಸರನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಅವನ ಬಲವೆಲ್ಲ ಅದರಲ್ಲಿತ್ತು. ದೇವರಿಗೂ ವಯಸ್ಸಾಯಿತು, ಬಾಯಿಂದ ಜೊಲ್ಲು ಸುರಿಯಿತು. ಐಸಿಸ್ ಎಂಬ ದೇವಿ ಆ ಜೊಲ್ಲಿನಲ್ಲಿ ಮಣ್ಣು ಕಲಸಿ, ಹಾವು ಮಾಡಿ, ಅವನು ನಡೆಯುವ ದಾರಿಯಲ್ಲಿಟ್ಟಳು. ಹಾವು ಕಚ್ಚಿತು. ಹೆಸರು ಹೇಳು, ವಿಷ ಇಳಿಸುತ್ತೇನೆ ಎಂದಳು.

"ಅಜ್ಜಿ, ಹಿ ಹ್ಯಾಡ್ ನೋ ಚಾಯ್ಸ್. ಹೇಳಿಬಿಟ್ಟ," ಎಂದಳು ನಿನ್ನ ಮಗಳು. ಆಮೇಲೆ ಬದುಕಿದನೇ ಎಂದು ಕೇಳಿದೆ. "ಯಾ, ಶಿ ಪ್ರಾಮಿಸ್ಡ್!" ಎಂದು ನನ್ನನ್ನೇ ಗದರಿಸಿದಳು. ಆಗ ನಾನು ನಿಮ್ಮಪ್ಪನ ಗಲ್ಲ ಒರೆಸುತ್ತಿದ್ದೆ.

ನನ್ನ ಬಾಯಿಗೂ ಎರಡು ಹೆಸರುಗಳ ಬೀಗವಿದೆ, ನಿನಗೆ ಗೊತ್ತು. ಒಂದು ನಿಮ್ಮಪ್ಪನದು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನನ್ನ ಅವ್ವ ಕಲಿಸಿದ್ದಳು. ಮದುವೆಯ ದಿನ ಹೆಂಗಸರು ಹೊಸಿಲಲ್ಲಿ ತಡೆದು ಗಂಡನ ಹೆಸರು ಸೇರಿಸಿ ಒಡಪು ಕಟ್ಟಿಸಿದಾಗ ಒಂದು ಸಲ ಹೇಳಿದ್ದೆ. ಮೂವತ್ತೆಂಟು ವರ್ಷದಲ್ಲಿ ಅದೊಂದೇ. ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಕೇಳಿದಾಗ ಚೀಟಿಯಲ್ಲಿ ಬರೆದು ತೋರಿಸಿದೆ. ಪಾಪ, ಆ ಹುಡುಗಿ ನನ್ನನ್ನು ಮೂಕಿ ಎಂದುಕೊಂಡು ಕೈಸನ್ನೆಯಲ್ಲೇ ಮಾತಾಡಿದಳು.

ಇನ್ನೊಂದು ನಿನ್ನ ತಮ್ಮನದು. ಆರು ವರ್ಷದ ಹಿಂದೆ ಅವನು ಡಾಕ್ಟರಿ ಓದು ಬಿಟ್ಟು, ತನ್ನ ಗೆಳೆಯನ ಜೊತೆಗೇ ಬಾಳುವೆ ಮಾಡುತ್ತೇನೆಂದು ಹೇಳಿ ಹೋದ ದಿನ ನಿಮ್ಮಪ್ಪ ಊಟದ ಮೇಜು ಗುದ್ದಿ, "ಇನ್ನ ಮ್ಯಾಲ ಈ ಮನ್ಯಾಗ ಅವನ ಹೆಸರು ಯಾರೂ ತೆಗೀಬಾರದು" ಎಂದರು. ನೀನು ಅತ್ತು ಒಪ್ಪಿದೆ. ನಾನು ಅಳದೆಯೇ ಒಪ್ಪಿದೆ, ಹೇಡಿ. ಈಜಿಪ್ಟಿನಲ್ಲೂ ಆಗದವರ ಹೆಸರನ್ನು ಗೋಡೆಯಿಂದ ಉಳಿಯಲ್ಲಿ ಕೆತ್ತಿ ತೆಗೆಯುತ್ತಿದ್ದರಂತೆ. ಹೆಸರು ಹೋದವನಿಗೆ ಆಚೆ ಲೋಕದಲ್ಲೂ ಜಾಗವಿಲ್ಲವಂತೆ. ನಿಧಿ ಇದನ್ನು ಸೇಬು ಕಚ್ಚುತ್ತ ಹೇಳಿದಳು. ಅವಳಿಗೊಬ್ಬ ಸೋದರಮಾವನಿದ್ದಾನೆ ಎಂದು ನೀನೂ ಹೇಳಿಲ್ಲ, ನಾನೂ ಹೇಳಿಲ್ಲ.

ನಿನ್ನಿಂದ ಮುಚ್ಚಿಟ್ಟ ಒಂದು ಸಂಗತಿಯಿದೆ. ಅಕ್ಟೋಬರಿನಲ್ಲಿ ನಿಮ್ಮಪ್ಪನ ಕ್ಲಿನಿಕ್‌ನಲ್ಲಿದ್ದ ಹಳೆಯ ನರ್ಸಮ್ಮ ನೋಡಲು ಬಂದಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು, ಕ್ಲಿನಿಕ್ಕಿಗೆ ಕಾಗದ ಬರೆಯುತ್ತಿದ್ದ ನಿಮ್ಮ ಮಗ ಈಗ ಹೇಗಿದ್ದಾನೆ ಎಂದು ಕೇಳಿದಳು. ಚೆನ್ನಾಗಿದ್ದಾನೆ ಎಂದೆ. ಅವಳನ್ನು ಕಳಿಸಿ ಬಾಗಿಲು ಹಾಕಿಕೊಂಡೆ. ಆರು ವರ್ಷ ನಿಮ್ಮಪ್ಪನಿಗೆ ಅವನಿರುವ ಊರು ಗೊತ್ತಿತ್ತು! ಅವತ್ತಿನಿಂದ ಪ್ರತಿದಿನ ಅಂಬಲಿ ಕುಡಿಸುವಾಗ ಎಲ್ಲಿದ್ದಾನೆ ಎಂದು ಕೇಳಿದೆ. ಪ್ರತಿದಿನ ಗೋಡೆಯ ಕಡೆ ತಿರುಗಿದರು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಅವರಿಗೆ ಎದೆನೋವು ಬಂತು. ನಾಲಿಗೆಯ ಕೆಳಗಿಡುವ ಸಣ್ಣ ಮಾತ್ರೆಯ ಸೀಸೆ ನನ್ನ ಕೈಯಲ್ಲಿತ್ತು. ಬಾಯಿ ತೆರೆದು ಕಾಯುತ್ತಿದ್ದರು. ನಾನು ಕೊಡಲಿಲ್ಲ. "ಎಲ್ಲಿದ್ದಾನ ಹೇಳ್ರಿ, ಕೊಡತೀನಿ," ಎಂದೆ.

ಆ ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅವರು ಸಿಟ್ಟಾಗಲಿಲ್ಲ, ನೀತಾ. ಹೆದರಿದರು. ತಮಗಾಗಿ ಹೆದರಿದರು ಎಂದುಕೊಂಡೆ. ಬೆವರು ಇಳಿಯುತ್ತಿತ್ತು. ಕೊನೆಗೆ "ಡರ್ಹಂ" ಎಂದು ಊರಿನ ಹೆಸರು ಹೇಳಿದರು. ಬಾಗಿಲಿಗೆ ನೇತುಹಾಕಿದ ಕೋಟಿನ ಕಡೆ ಕೈ ತೋರಿಸಿ "ಕೀ" ಎಂದರು. ಅದರ ಜೇಬಿನಲ್ಲಿ ಬೇಸ್‌ಮೆಂಟಿನ ಮೇಜಿನ ಡ್ರಾ ಕೀ ಇತ್ತು. ನಾನು ಮೆಟ್ಟಿಲಿಳಿಯುವಾಗ "ಬ್ಯಾಡ ಗೌರಾ, ಓದಬ್ಯಾಡ" ಎಂದದ್ದು ಕೇಳಿಸಿತು. ಇಷ್ಟಾದರೂ ಹಟ ಬಿಡುವುದಿಲ್ಲವಲ್ಲ ಎಂದು ಉರಿದುಹೋಯಿತು. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದೇ ಇಳಿದೆ. ನೋಡಿ ಬಂದು ಕೊಟ್ಟರಾಯಿತು, ಎರಡು ನಿಮಿಷದ ಕೆಲಸ.

ಡ್ರಾದಲ್ಲಿ ಏನಿತ್ತು ಎನ್ನುವುದನ್ನು ಕೆಳಗೆ ಬರೆಯುತ್ತೇನೆ. ಅದಕ್ಕೆ ಮೊದಲು ಸಹಿ ಹಾಕಿಬಿಡುತ್ತೇನೆ. ಈ ಕಾಗದವನ್ನು ಯಶವಂತನಿಗೆ ತೋರಿಸಬೇಡ. ನಿಧಿಯ ರಟ್ಟನ್ನು ಜೋಪಾನವಾಗಿ ಕಳಿಸುತ್ತೇನೆ.

ನಿನ್ನ ಅವ್ವ
ಗೌರಾಬಾಯಿ

ತಾ.ಕ.: ಹನ್ನೊಂದು ಕಾಗದ. ಹತ್ತು ನಿನ್ನ ತಮ್ಮ ಬರೆದವು, ಎಲ್ಲವೂ ನನಗೆ, ಎಲ್ಲವೂ ಒಡೆದವು. ಹನ್ನೊಂದನೆಯದು ಅವನ ಗೆಳೆಯನದು. ನಿನ್ನ ತಮ್ಮ ನೀಲ್ ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಕಾಯಿಲೆಯಿಂದ ತೀರಿಹೋದ. ನೀಲ್. ಈಗ ಬರೆದೆ ನೋಡು. ನಿಮ್ಮಪ್ಪ ಡರ್ಹಂ ಪಕ್ಕದ ರಾಲಿಯಲ್ಲಿ ಡಾಕ್ಟರುಗಳ ಸಭೆ ಇದೆ ಎಂದು ಹೋದ ವಾರ ಅದು. ದಾರಿಗೆ ನಾನೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದೆ. ನಮ್ಮ ಪದ್ಧತಿಯಂತೆ ಅವರೇ ವಿಭೂತಿ ಹಚ್ಚಿ ಮಣ್ಣು ಮಾಡಿಸಿದರೆಂದು ಆ ಗೆಳೆಯ ಬರೆದಿದ್ದಾನೆ. ಜೊತೆಗಿಟ್ಟ ಫೋಟೋದಲ್ಲಿ ಒಂದು ಮಣ್ಣಿನ ದಿಬ್ಬ, ಒಂದು ಕಲ್ಲು. ಕಲ್ಲಿನ ಮೇಲೆ ನಿಮ್ಮಪ್ಪನ ಕೈಬರಹದಂತೆಯೇ ಕೊರೆದ ಕನ್ನಡ ಅಕ್ಷರ: ನೀಲ್, ಗೌರಾಬಾಯಿಯ ಮಗ. ಅಪ್ಪನೆಂದು ತಮ್ಮ ಹೆಸರನ್ನು ಅವರು ಹಾಕಿಸಿಲ್ಲ.

ಅದನ್ನು ನೋಡುತ್ತ ಎಷ್ಟು ಹೊತ್ತು ಕೂತೆನೋ, ಗಡಿಯಾರ ನೋಡಲಿಲ್ಲ. ಮೇಲೆ ಮಂಚ ಕಿರುಗುಟ್ಟುವುದು ಕೇಳಿಸುತ್ತಿತ್ತು. ಆಮೇಲೆ ಹತ್ತಿ ಹೋಗಿ ಬಾಗಿಲಲ್ಲಿ ನಿಂತು ಶಿವಶರಣಪ್ಪ ಎಂದು ಮೂರು ಸಲ ಕರೆದೆ.

ಸಂಜೆ ನಿನಗೆ ಫೋನು ಮಾಡಿ, ಅಪ್ಪ ನಿದ್ದೆಯಲ್ಲೇ ಹೋದರು ಎನ್ನುತ್ತೇನೆ. ನೀನು ಬರುತ್ತೀ, ಅಳುತ್ತೀ, ಎಲ್ಲ ಮುಗಿಸಿ ಹಿಂತಿರುಗುತ್ತೀ. ಆಗ ಈ ಕಾಗದ ನಿನ್ನ ಬಾಗಿಲಲ್ಲಿರುತ್ತದೆ. ನಿಧಿಗೆ ಮಾತ್ರ ಆ ದೇವಿ ಕೊಟ್ಟ ಮಾತು ಉಳಿಸಿಕೊಂಡಳು ಎಂದೇ ಇರಲಿ. ಮೊದಲನೆಯ ಸಲ ಹೆಸರು ಹಿಡಿದು ಕರೆದಾಗ ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಸೀಸೆಯ ಮುಚ್ಚಳವನ್ನು ನಾನು ಇನ್ನೂ ತೆಗೆದಿಲ್ಲ.