ಎಡಪುಟ

ಗುರುವಾರ, ಮಧ್ಯಾಹ್ನ
ತರಬೇತಿ ಕೇಂದ್ರದ ಮೂರನೇ ಕೋಣೆಯಿಂದ

ಪ್ರೀತಿಯ ಅಕ್ಕ,

ಕಟಕಟೆಯಲ್ಲಿ ನಿಂತವನ ಗಾಂಭೀರ್ಯದಿಂದ ಒಪ್ಪಿಕೊಳ್ಳುತ್ತಿದ್ದೇನೆ: ನಾನು ಕಳ್ಳತನ ಮಾಡಿದ್ದೇನೆ. ಮಾಲು ಒಟ್ಟು ಮೂರು. ಒಂದು ದುಃಖ, ಒಂದು ಆತಂಕ, ಇನ್ನೊಂದರ ಹೆಸರು ನನಗೆ ಗೊತ್ತಿಲ್ಲ. ಮೂರೂ ಬೇರೆಯವರ ಮನಸ್ಸಿನವು. ಅವರಿಗೆ ತಿಳಿಯದ ಹಾಗೆ ಎತ್ತಿ ನನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡೆ.

ಏಳು ತಿಂಗಳಿಂದ ನೀನು ಫೋನ್ ಎತ್ತಿಲ್ಲವಾದ್ದರಿಂದ ನಾನು ಆಪ್ತಸಮಾಲೋಚಕನ ತರಬೇತಿಗೆ ಸೇರಿದ ಸುದ್ದಿ ನಿನಗೆ ತಲುಪಿರಲಾರದು. ನಗಬೇಡ. ಎರಡೂವರೆ ತಿಂಗಳಲ್ಲಿ ಸಮಾಲೋಚಕ ಆಗುವಷ್ಟು ಕಲಿತಿದ್ದೇನೆ, ‘ಆಪ್ತ’ ಮಾತ್ರ ಬಾಕಿ ಇದೆ.

ಇಲ್ಲೊಂದು ಪದ್ಧತಿ ಉಂಟು. ಯಾರಾದರೂ ಬಂದು ಕಷ್ಟ ಹೇಳಿಕೊಂಡು ಹೋದ ಮೇಲೆ, ಅವರು ಏನು ಹೇಳಿದರು ಎಂಬುದನ್ನು ನೋಟ್‌ಬುಕ್ಕಿನ ಬಲಪುಟದಲ್ಲಿ ಬರೆಯಬೇಕು. ಅದನ್ನು ಕೇಳುವಾಗ ನಮಗೆ ಒಳಗೆ ಏನಾಯಿತು ಎಂಬುದನ್ನು ಎಡಪುಟದಲ್ಲಿ. ನಮ್ಮದು ನಮಗೆ ಗೊತ್ತಿರದಿದ್ದರೆ ಅದನ್ನೇ ಬಂದವರ ತಲೆಗೆ ಕಟ್ಟಿ ಕಳಿಸುತ್ತೇವೆ ಎನ್ನುವುದು ನಮಗೆ ಕಲಿಸುವ ಮೇಡಂ ಅವರ ವಾದ. ಎಡಪುಟಕ್ಕೆ ಅವರ ಸಹಿ ಬೀಳದಿದ್ದರೆ ಹನ್ನೆರಡನೇ ವಾರಕ್ಕೆ ನಾವು ಮನೆಗೆ.

ನನ್ನ ಬಲಪುಟಗಳು ಮುತ್ತಿನಂಥವು. ಎಡಪುಟಗಳು ಬೋಳು. ನಮ್ಮ ತಂಡದ ಉಳಿದ ಒಂಬತ್ತು ಜನರೂ ಒಂದಲ್ಲ ಒಂದು ದಿನ ಅತ್ತರು. ಅವರಿಗೆಲ್ಲ ಟಿಶ್ಯೂ ಹಂಚಿದವನು ನಾನು. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇದೆ, ಅಕ್ಕ. ನನ್ನ ಕಣ್ಣಲ್ಲಿ ಒಂದು ಹನಿ ಬಂದಿಲ್ಲ. ಎದುರು ಕೂತವರು ಎಷ್ಟು ತಿಣುಕಿದರೂ ನನ್ನ ಮುಖದಿಂದ ಏನನ್ನೂ ಓದಲಾರರು. ಸುಣ್ಣ ಬಳಿದ ಗೋಡೆ ನೋಡು.

ಆದರೆ ಗೋಡೆಗೆ ಸಹಿ ಸಿಗುವುದಿಲ್ಲ. ನನ್ನ ಪಕ್ಕ ಕೂರುವಾಕೆ ಮೊದಲು ನರ್ಸ್ ಆಗಿದ್ದವರು, ನಾವೆಲ್ಲ ಸಿಸ್ಟರ್ ಅನ್ನುತ್ತೇವೆ. ಅವರ ಎಡಪುಟ ತುಂಬಿ ಅಂಚಿಗೂ ಹರಿಯುತ್ತದೆ. ಅವರು ಟೀ ತರಲು ಹೋದಾಗ ದುಃಖ, ಆತಂಕ ಎರಡನ್ನೂ ಇಳಿಸಿಕೊಂಡೆ. ಮೇಡಂ ಓದಿ, ‘ಪರವಾಗಿಲ್ವೇ, ಸ್ವಲ್ಪ ಕರಗ್ತಾ ಇದ್ದೀರಿ’ ಅಂದರು. ಮೂರನೆಯದರ ಒಡೆಯರು ಯಾರೆಂದು ಆಮೇಲೆ ಹೇಳುತ್ತೇನೆ.

ಯಶಸ್ಸು ತಲೆಗೇರಿತು. ನನ್ನ ಬಳಿ ಗುರುವಾರಗಳಂದು ಒಬ್ಬ ಬಸ್ ಡ್ರೈವರ್ ಬರುತ್ತಿದ್ದರು. ಅವರೂ ಅವರ ಅಣ್ಣನೂ ಒಂದೇ ದಾರಿಯ ಬಸ್ಸು ಓಡಿಸುತ್ತಿದ್ದರಂತೆ, ದಿನಕ್ಕೆರಡು ಸಲ ಎದುರುಬದುರಾದಾಗ ಕೈ ಎತ್ತುತ್ತಿದ್ದರಂತೆ. ಅಣ್ಣ ತೀರಿಕೊಂಡಿದ್ದಾರೆ. ‘ಈಗ ಆ ಬಸ್ಸಲ್ಲಿ ಬೇರೆ ಹುಡುಗ ಇದಾನೆ ಸರ್. ಆದ್ರೂ ಕೈ ಎದ್ದುಬಿಡತ್ತೆ. ಪಾಪ, ಅವನೂ ಎತ್ತುತಾನೆ’ ಅಂದಿದ್ದರು. ನಾನು ಪಾಠದಲ್ಲಿ ಹೇಳಿದಷ್ಟೇ ತಲೆಯಾಡಿಸಿದ್ದೆ.

ಹೋದ ಗುರುವಾರ ಅವರು ಬರುವ ಸಮಯ ಹತ್ತು ಗಂಟೆ. ಕೆಲಸ ಹಗುರವಾಗಲಿ ಎಂದು ಒಂಬತ್ತಕ್ಕೇ ಎಡಪುಟ ಬರೆದು ಮುಗಿಸಿದೆ: ‘ಇವರ ಮಾತು ಕೇಳಿ ಎದೆ ಭಾರವಾಯಿತು, ಗಂಟಲು ಕಟ್ಟಿತು.’ ಒಂಬತ್ತೂವರೆಗೆ ಮೇಡಂ ಬಂದು ಎಲ್ಲರ ನೋಟ್‌ಬುಕ್ಕುಗಳನ್ನೂ ಬಾಚಿಕೊಂಡು ಹೋದರು. ಹತ್ತಾಯಿತು, ಹನ್ನೊಂದಾಯಿತು. ಡ್ರೈವರ್ ಬರಲೇ ಇಲ್ಲ.

ಮಧ್ಯಾಹ್ನ ಮೇಡಂ ಕೋಣೆಗೆ ಬರಲು ಕರೆ ಬಂತು. ‘ಅವರು ಬಂದೇ ಇಲ್ವಲ್ಲಪ್ಪ. ಮತ್ತೆ ನಿಮ್ಮ ಗಂಟಲು ಕಟ್ಟಿಸಿದ್ದು ಯಾರು?’ ಎಂದರು ಮೇಡಂ. ಮುಂಗಡ ಬುಕಿಂಗ್ ಮೇಡಂ ಅಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಬಂದವರು ಕೂರುವ ಕುರ್ಚಿ ತೋರಿಸಿ ಕೂರಿಸಿದರು. ‘ಏನೂ ಅನ್ನಿಸದಿದ್ರೆ ಅದನ್ನೇ ಬರೀರಿ. ಅದು ಯಾವತ್ತು ಶುರುವಾಯ್ತು ಅಂತ ಬರೀರಿ. ಅದನ್ನ ತಿಳಿಯಬೇಕಾದವರು ಯಾರಾದ್ರೂ ಇದ್ರೆ ಅವರಿಗೇ ಬರೀರಿ. ಅಲ್ಲೀವರೆಗೂ ನೀವು ಯಾರ ಎದುರೂ ಕೂರೋ ಹಾಗಿಲ್ಲ’ ಎಂದರು.

ಆದ್ದರಿಂದ ಬರೆಯುತ್ತಿದ್ದೇನೆ. ಅಮ್ಮ ಹೋದ ದಿನ ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. ‘ಸಂಬಂಧ’ ಎಂಬ ಕಡೆ ‘ಮಗ’ ಎಂದು ಬರೆದೆ. ಬರೆದು, ಅಕ್ಷರ ಎಷ್ಟು ಚೆನ್ನಾಗಿ ಬಂತು ಎಂದು ಒಂದು ಗಳಿಗೆ ನೋಡಿದೆ. ಅಷ್ಟೇ ಅನ್ನಿಸಿದ್ದು. ಮನೆಗೆ ನಲವತ್ತು ಕುರ್ಚಿ ತರಿಸಿದೆ, ಕಾಲು ಅಲ್ಲಾಡುವ ಎರಡನ್ನು ಪಕ್ಕಕ್ಕಿಟ್ಟೆ. ಬಂದವರನ್ನು ನಗಿಸಿದೆ. ಎಷ್ಟು ಗಟ್ಟಿ ಮನಸ್ಸು ಅಂತ ಎಲ್ಲರೂ ಹೊಗಳಿದರು. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ನಿನಗೇನೂ ಅನ್ನಿಸೋದೇ ಇಲ್ವೇನೋ?’ ಅಂತ ಕೇಳಿದೆ. ನಾನು, ‘ಟೀ ಕುಡೀತೀಯಾ?’ ಅಂದೆ.

ಇನ್ನು ಮೂರನೇ ಮಾಲು. ವಾರ ಕಳೆದ ಮೇಲೆ ನೀನೊಂದು ಮೆಸೇಜ್ ಕಳಿಸಿದ್ದೆ: ‘ಅಮ್ಮನ ಚಪ್ಪಲಿ ಬಾಗಿಲ ಹತ್ರಾನೇ ಇದೆ ಕಣೋ. ಗುಡಿಸುವಾಗ ಎತ್ತಿ, ಮತ್ತೆ ಅಲ್ಲೇ ಇಡ್ತೀನಿ.’ ಅದಕ್ಕೆ ನಾನು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಅಲ್ಲಿಂದ ನಿನ್ನ ಫೋನ್ ಮೂಕ. ಡ್ರೈವರು ಅಣ್ಣನ ವಿಷಯ ಹೇಳಿದ ದಿನ ಎಡಪುಟಕ್ಕೆ ಏನೂ ಹೊಳೆಯದೆ ನಿನ್ನ ಆ ಮಾತನ್ನೇ ಬರೆದೆ: ‘ಗುಡಿಸುವಾಗ ಎತ್ತಿದ ಚಪ್ಪಲಿಯನ್ನು ಮತ್ತೆ ಅಲ್ಲೇ ಇಟ್ಟ ಹಾಗಾಯಿತು.’ ಇಡೀ ನೋಟ್‌ಬುಕ್ಕಿನಲ್ಲಿ ಮೇಡಂ ಅಡಿಗೆರೆ ಎಳೆದದ್ದು ಅದೊಂದಕ್ಕೇ. ಪಕ್ಕದಲ್ಲಿ ‘ಇದು ನಿಜ’ ಎಂದು ಬರೆದಿದ್ದಾರೆ. ಆ ಮೆಚ್ಚುಗೆ ನಿನಗೆ ಸೇರಬೇಕಾದ್ದು, ತಲುಪಿಸಿದ್ದೇನೆ.

ಈ ಕಾಗದ ಬರೆಯುವಾಗಲೂ ಹೇಳಿಕೊಳ್ಳುವಂಥದ್ದು ಏನೂ ಅನ್ನಿಸುತ್ತಿಲ್ಲ. ಟೀ ಆರಿದೆ. ಅದು ಮಾತ್ರ ಗೊತ್ತಾಗುತ್ತಿದೆ.

ನಿನ್ನ,
ಒಣ ತಮ್ಮ

ತಾ.ಕ.: ಮೇಲೆ ನನ್ನ ಮುಖದ ಬಗ್ಗೆ ಕೊಚ್ಚಿಕೊಂಡದ್ದನ್ನು ಹೊಡೆದು ಹಾಕಿ ಓದು. ಡ್ರೈವರ್ ಯಾಕೆ ಬರಲಿಲ್ಲ ಅಂತ ಈಗಷ್ಟೇ ಮುಂಬಾಗಿಲ ಕೌಂಟರಿನಾಕೆ ಹೇಳಿದರು. ಅವತ್ತು ಬೆಳಿಗ್ಗೆಯೇ ಫೋನ್ ಮಾಡಿದ್ದರಂತೆ: ‘ಆ ಸರ್ ಒಳ್ಳೆಯವರೇ ಅಮ್ಮಾ. ಆದ್ರೆ ಅವರ ಮನೇಲಿ ಏನೋ ಆಗಿದೆ. ನನ್ನದೂ ಅವರ ಮೇಲೆ ಯಾಕೆ ಹೇರೋದು? ಅವರು ಸುಧಾರಿಸಿಕೊಳ್ಳಲಿ, ಆಮೇಲೆ ಬರ್ತೀನಿ.’ ಅದೇ ಕೌಂಟರಿನಲ್ಲಿ, ಕಷ್ಟ ಹೇಳಿಕೊಳ್ಳಲು ಬರುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿದೆ, ಆರನೆಯವನು. ಮನೆಯವರ ನಂಬರು ಬೇಕೆಂದರು. ನಿನ್ನನ್ನು ಕೇಳದೆ ನಿನ್ನದೇ ಕೊಟ್ಟಿದ್ದೇನೆ, ಅವರು ಮಾಡಿದರೆ ಎತ್ತು. ‘ಸಂಬಂಧ’ ಎಂಬ ಕಡೆ ‘ಅಕ್ಕ’ ಎಂದು ಬರೆದೆ. ಎರಡೇ ಅಕ್ಷರ, ಎರಡೂ ಕೆಟ್ಟದಾಗಿ ಬಂದವು. ಕೌಂಟರಿನಾಕೆಗೆ ಓದಲಾಗದೆ ಫಾರಂ ಬದಲಾಯಿಸಬೇಕಾಯಿತು.